ಜೀಪಿನ ಹಿಂದಿನ ತೊಟ್ಟಿ: ಸೇನೆಯ ಟ್ರೇಲರ್ ಬಿಡಾರದ ಗಾಡಿಯಾದ ಬಗೆ

ಎರಡನೆಯ ಮಹಾಯುದ್ಧದ ಜೀಪಿನ ಬಗ್ಗೆ ಗ್ರಂಥಗಳೇ ಹುಟ್ಟಿಕೊಂಡಿದ್ದರೂ ಅದರ ಬೆನ್ನಿಗೆ ಅಂಟಿಕೊಂಡು ಸಾಗುತ್ತಿದ್ದ ಎರಡು ಗಾಲಿಯ ಪುಟ್ಟ ಟ್ರೇಲರಿನತ್ತ ಚರಿತ್ರಕಾರರ ಗಮನ ಹರಿದದ್ದು ಕಡಿಮೆ. ಅಮೆರಿಕದ ಕಾಡು ಮತ್ತು ಮರುಭೂಮಿಯ ದಾರಿಗಳಲ್ಲಿ ಡೇರೆ, ನೀರು, ಅಡುಗೆಯ ಸಾಮಾನುಗಳನ್ನು ಹೊತ್ತೊಯ್ಯುವ ಇಂದಿನ ಬಿಡಾರದ ಟ್ರೇಲರಿಗೆ ಒಂದು ಮುಖ್ಯ ಮೂಲ ಈ ಸೈನಿಕ ಟ್ರೇಲರಿನಲ್ಲಿಯೇ ಇದೆ.

ಪೆನ್ಸಿಲ್ವೇನಿಯದ ಬಟ್ಲರ್ ಪಟ್ಟಣದ ಅಮೆರಿಕನ್ ಬ್ಯಾಂಟಮ್ ಕಾರ್ ಕಂಪನಿಯು 1940ರ ಸೆಪ್ಟೆಂಬರಿನಲ್ಲಿ ಜೀಪಿನ ಮೊದಲ ಮಾದರಿಯನ್ನು ಸೇನೆಗೆ ಒಪ್ಪಿಸಿತು. ಆದರೆ ದೊಡ್ಡ ಗುತ್ತಿಗೆಗಳು ವಿಲ್ಲಿಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳ ಪಾಲಾದವು, ಜೀಪನ್ನು ಮೊದಲು ಕಟ್ಟಿದವರ ಕೈಯಲ್ಲಿ ಕೊನೆಗೆ ಉಳಿದದ್ದು ಅದರ ಟ್ರೇಲರಿನ ತಯಾರಿಕೆ. ಕಾಲು ಟನ್ ವರ್ಗಕ್ಕೆ ಸೇರಿದ, ಅಂದರೆ ಹಳ್ಳದಿಣ್ಣೆಯ ನೆಲದಲ್ಲಿ 500 ಪೌಂಡ್ (ಸುಮಾರು 227 ಕಿಲೋಗ್ರಾಂ) ಹೊರಬಲ್ಲ ಈ ಟ್ರೇಲರಿನ ವಿನ್ಯಾಸದಲ್ಲಿ ಸೈನಿಕ ಅಗತ್ಯವು ಪ್ರತಿಯೊಂದು ಭಾಗವನ್ನೂ ನಿರ್ಣಯಿಸಿತ್ತು. ಎರಡು ಗಾಲಿಗಳ ನಡುವಿನ ಅಂತರವು ಜೀಪಿನ ಅಂತರಕ್ಕೆ ಸಮನಾಗಿದ್ದುದರಿಂದ ಮುಂದಿನ ವಾಹನ ತುಳಿದ ಜಾಡಿನಲ್ಲಿಯೇ ಟ್ರೇಲರೂ ಸಾಗುತ್ತಿತ್ತು. ಟೈರುಗಳ ಅಳತೆಯೂ ಒಂದೇ ಆದುದರಿಂದ ಒಂದೇ ಹೆಚ್ಚುವರಿ ಗಾಲಿ ಎರಡಕ್ಕೂ ಒದಗುತ್ತಿತ್ತು. ತೊಟ್ಟಿಯಾಕಾರದ ಉಕ್ಕಿನ ಮೈಯೊಳಗೆ ನೀರು ಜಿನುಗದಂತೆ ಬೆಸೆದಿದ್ದರಿಂದ ಹೊಳೆ ದಾಟುವಾಗ ಟ್ರೇಲರ್ ತೇಲುತ್ತಿತ್ತು, ಒಳಗೆ ಸೇರಿದ ಮಳೆನೀರನ್ನು ಹರಿಯಬಿಡಲು ತಳದಲ್ಲಿ ಬಿರಡೆಗಳಿದ್ದವು. ಎತ್ತಿನ ಗಾಡಿಯ ಮೂಕಿಯಂತೆ ಮುಂಚಾಚಿದ ದಂಡದ ತುದಿಯಲ್ಲಿದ್ದ ಉಕ್ಕಿನ ಬಳೆಯನ್ನು ಜೀಪಿನ ಹಿಂದಿನ ಕೊಂಡಿಗೆ ಸಿಕ್ಕಿಸಿದರೆ, ಅವೆರಡರ ನಡುವಿನ ಸಡಿಲದಿಂದಾಗಿ ಜೀಪು ಒಂದು ಕಡೆಗೆ ವಾಲಿದರೂ ಟ್ರೇಲರ್ ತನ್ನ ನೆಲವನ್ನು ಬಿಡುತ್ತಿರಲಿಲ್ಲ.

ಯುದ್ಧೋತ್ತರ ವಿಲೇವಾರಿಗೆಂದು 1944ರಲ್ಲಿಯೇ ಅಮೆರಿಕದ ಶಾಸನಸಭೆಯು ಹೆಚ್ಚುವರಿ ಸ್ವತ್ತಿನ ಕಾಯಿದೆಯನ್ನು ಮಾಡಿತ್ತು. ಮಾಜಿ ಸೈನಿಕರಿಗೆ ಆದ್ಯತೆಯಿದ್ದ ಆ ಮಾರಾಟಗಳಲ್ಲಿ ಟ್ರೇಲರುಗಳು ಮೊದಲಿಗೆ ರೈತರ ಅಂಗಳ ಸೇರಿ ಗೊಬ್ಬರವನ್ನೂ ಸೌದೆಯನ್ನೂ ಹೊತ್ತವು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಜೀಪಿಗೆ ಟ್ರೇಲರ್ ಕಟ್ಟುವ ರೂಢಿಯನ್ನು ಬಲ್ಲವರಿಗೆ ಈ ಬಳಕೆ ಅಪರಿಚಿತವೆನಿಸದು. ವಿಹಾರದ ಬಳಕೆ ಬೆಳೆದದ್ದು ಜೀಪು ವಿಹಾರವೇ ಒಂದು ಹವ್ಯಾಸವಾದ ಮೇಲೆ. ಕ್ಯಾಲಿಫೋರ್ನಿಯದ ರುಬಿಕಾನ್ ಜಾಡಿನಲ್ಲಿ ಸಾಮೂಹಿಕ ಜೀಪು ಯಾತ್ರೆಯು 1953ರಲ್ಲಿ ಆರಂಭವಾಯಿತು.

ಸೇನೆಯಲ್ಲಿ ಈ ವಂಶ ಮುಂದುವರಿದು, 1950ರ ದಶಕದಲ್ಲಿ ಎಂ100, ಅನಂತರ ಎಂ151 ಎಂಬ ಹೊಸ ಜೀಪಿನ ಜೊತೆಗೆ ಎಂ416 ಎಂಬ ಟ್ರೇಲರ್ ಬಂದವು. 1980ರ ದಶಕದಲ್ಲಿ ಅಗಲವಾದ ಹಮ್ವೀ ವಾಹನವು ಎಂ151ರ ಸ್ಥಾನಕ್ಕೆ ಬಂದಾಗ ಕಿರಿದಾದ ಹಳೆಯ ಟ್ರೇಲರ್ ಅದರ ಜಾಡಿಗೆ ಹೊಂದದೆ ಬೇಡವಾಯಿತು. ಇಲ್ಲಿ ಒಂದು ವಿಚಿತ್ರವಿದೆ: ತಿರುವುಗಳಲ್ಲಿ ಮಗುಚುವ ದೋಷಕ್ಕೆ ಹೆಸರಾಗಿದ್ದ ಎಂ151 ಜೀಪುಗಳನ್ನು ಜನಸಾಮಾನ್ಯರಿಗೆ ಇಡಿಯಾಗಿ ಮಾರದೆ ಬಹುಮಟ್ಟಿಗೆ ಕತ್ತರಿಸಿ ಗುಜರಿಗೆ ಹಾಕಲಾಯಿತು, ಅವುಗಳ ಹಿಂದೆ ಸಾಗಿದ್ದ ಟ್ರೇಲರುಗಳಿಗೆ ಮಾತ್ರ ಹರಾಜಿನ ದಾರಿ ತೆರೆದಿತ್ತು.

ಹರಾಜಿನಲ್ಲಿ ಕೊಂಡ ಎಂ416 ಬಿಡಾರಕ್ಕೆ ಒಗ್ಗಬೇಕಾದರೆ ಸೈನಿಕ ಗುಣಗಳಲ್ಲಿ ಕೆಲವನ್ನು ಕಳೆದುಕೊಳ್ಳಲೇಬೇಕಾಗುತ್ತದೆ. ಮೊದಲನೆಯದು ದೀಪಗಳ ವ್ಯವಸ್ಥೆ. ಸೇನೆಯ 24 ವೋಲ್ಟ್ ದೀಪಗಳು 12 ವೋಲ್ಟಿನ ನಾಗರಿಕ ವಾಹನಕ್ಕೆ ಹೊಂದದ ಕಾರಣ ಬಲ್ಬುಗಳಿಂದ ಹಿಡಿದು ವಾಹನಕ್ಕೆ ಸಿಕ್ಕಿಸುವ ಪ್ಲಗ್ಗಿನವರೆಗೆ ಬದಲಾಯಿಸಬೇಕಾಗುತ್ತದೆ. ಕಾಡಿನಲ್ಲಿ ವರವಾದ ಬಳೆ-ಕೊಂಡಿಯ ಸಡಿಲವು ಡಾಂಬರು ರಸ್ತೆಯಲ್ಲಿ ಸದ್ದು ಮಾಡಿ ಎಳೆದಾಡುವುದರಿಂದ, ಅನೇಕರು ಎಲ್ಲ ದಿಕ್ಕಿಗೂ ತಿರುಗುವ ಕೀಲುಳ್ಳ ಜೋಡಣೆಯನ್ನು ಅಳವಡಿಸುತ್ತಾರೆ. ಮದ್ದುಗುಂಡಿನ ಹೊರೆಗೆಂದು ಗಡುಸಾಗಿ ಮಾಡಿದ ಲೀಫ್ ಸ್ಪ್ರಿಂಗ್, ಎಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳ ಕಟ್ಟು, ಹಗುರ ಹೊರೆಯಲ್ಲಿ ಬಾಗದೆ ಟ್ರೇಲರನ್ನು ಪುಟಿಸುವುದರಿಂದ ಕೆಲವು ಪಟ್ಟಿಗಳನ್ನು ಕಳಚುವ ಪದ್ಧತಿಯೂ ಇದೆ.

ತೊಟ್ಟಿಯ ಮೇಲೆ ಉಕ್ಕಿನ ಚೌಕಟ್ಟನ್ನೆಬ್ಬಿಸಿ ಅದರ ಮೇಲೆ ಮಡಚುವ ಡೇರೆಯನ್ನು ಕೂರಿಸುವುದು ಈಗಿನ ಪರಿವರ್ತನೆಯ ಪ್ರಧಾನ ಲಕ್ಷಣ. ಇದರಿಂದ ಭಾರದ ಕೇಂದ್ರವು ಮೇಲಕ್ಕೇರುವುದರಿಂದ, ತೂಕದ ನೀರಿನ ತೊಟ್ಟಿಗಳನ್ನು ತಳದಲ್ಲಿಯೇ ಇಟ್ಟು, ಒಟ್ಟು ತೂಕದ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ ಬೀಳುವಂತೆ ಹೊರೆಯನ್ನು ಜೋಡಿಸುತ್ತಾರೆ. ಮೂಕಿಯ ಮೇಲಿನ ಭಾರ ತೀರ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅಡ್ಡಡ್ಡ ಓಲಾಡತೊಡಗುತ್ತದೆ. ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಯಾರೂ ಕೈಹಾಕದ ಗುಣವೆಂದರೆ ಒಂದೇ ಜಾಡು, ಒಂದೇ ಗಾಲಿ ಎಂಬ ಹಳೆಯ ಸೂತ್ರ. ಬಿಡಾರ ಹೂಡುವವನು ತನ್ನ ವಾಹನದ ಟೈರು ಬದಲಿಸಿದಾಗ ಟ್ರೇಲರಿಗೂ ಅದೇ ಟೈರು ತೊಡಿಸುತ್ತಾನೆ. ಯುದ್ಧಕಾಲದ ಬ್ಯಾಂಟಮ್ ತೊಟ್ಟಿಗಳು ಮಾತ್ರ ಈಗ ಹಳೆಯ ಜೀಪುಗಳ ಸಂಗ್ರಾಹಕರಿಗೆ ಪ್ರಿಯವಾಗಿ, ಅವುಗಳ ಮೈಗೆ ರಂಧ್ರ ಕೊರೆಯುವುದೇ ಅಪಚಾರವೆಂಬ ಭಾವನೆ ಬೆಳೆದಿರುವುದರಿಂದ, ಬೆಸುಗೆ ಮತ್ತು ಗರಗಸದ ಕೆಲಸವೆಲ್ಲ ಬಹುಪಾಲು ಎಂ416ರ ಪಾಲಿಗೆ ಬಂದಿದೆ.