ಓರೆಗೆರೆಯ ಎರಡು ದಿಕ್ಕು

ಪ್ರೋಗ್ರಾಮಿಂಗ್ ಕಲಿಯುವವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆಯಿದು: ವಿಂಡೋಸ್ ಕೊಟ್ಟ ಫೈಲ್ ಪಾಥ್ ತುಂಬ ಬ್ಯಾಕ್‌ಸ್ಲ್ಯಾಶ್‌ಗಳಿವೆ, ಅವನ್ನೆಲ್ಲ ಸ್ಲ್ಯಾಶ್ ಮಾಡುವುದು ಹೇಗೆ? ಒಂದು ಚಿಹ್ನೆ ತೆಗೆದು ಇನ್ನೊಂದು ಹಾಕಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಆ ಒಂದು ಸಾಲು ಬರೆಯಲು ಕೂತವರು ಕೆಲವು ಭಾಷೆಗಳಲ್ಲಿ ನಾಲ್ಕು ಬ್ಯಾಕ್‌ಸ್ಲ್ಯಾಶ್‌ಗಳನ್ನು ಒಟ್ಟಿಗೆ ಒತ್ತಬೇಕಾಗುತ್ತದೆ. ಯಾಕೆ ಎಂದು ಹುಡುಕುತ್ತ ಹೋದರೆ ಅರವತ್ತು ವರ್ಷದ ಕಥೆ ಬಿಚ್ಚಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಅದು ಒಂದೇ ತಪ್ಪು ತಿಳಿವಳಿಕೆಯನ್ನು ನಿಧಾನವಾಗಿ ಕಳಚಿಕೊಂಡ ಕಥೆ. ಪಾಥ್ ಎಂದರೆ ಬರೀ ಸ್ಟ್ರಿಂಗ್ ಎಂದು ನಾವು ನಂಬಿದ್ದೆವು. ನಿಜದಲ್ಲಿ ಅದು ಹೆಸರುಗಳ ಪಟ್ಟಿ. ಅಂಚೆ ವಿಳಾಸದಲ್ಲಿ ಊರು, ತಾಲ್ಲೂಕು, ಜಿಲ್ಲೆಗಳ ನಡುವೆ ಹಾಕುವ ಅಲ್ಪವಿರಾಮ ಹೇಗೆ ಊರಿನ ಹೆಸರಿನ ಭಾಗವಲ್ಲವೋ ಹಾಗೆಯೇ ನಡುವಿನ ಓರೆಗೆರೆಯೂ ಫೈಲ್ ಹೆಸರಿನ ಭಾಗವಲ್ಲ.

ಡೈರೆಕ್ಟರಿಯೊಳಗೆ ಡೈರೆಕ್ಟರಿ, ಅದರೊಳಗೆ ಇನ್ನೊಂದು ಎಂಬ ಮರದಂಥ ರಚನೆಯನ್ನು ರಾಬರ್ಟ್ ಡೇಲಿ ಮತ್ತು ಪೀಟರ್ ನ್ಯೂಮನ್ 1965ರ ಪ್ರಬಂಧವೊಂದರಲ್ಲಿ ವಿವರಿಸಿದರು. ಅದು ಮಲ್ಟಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ನಡೆದ ಕೆಲಸ. ಮಲ್ಟಿಕ್ಸ್‌ನಲ್ಲಿ ಹೆಸರುಗಳನ್ನು ಬೇರ್ಪಡಿಸುತ್ತಿದ್ದದ್ದು > ಚಿಹ್ನೆ. ಕೆಳಗಿಳಿಯಲು >, ಒಂದು ಹಂತ ಮೇಲೇರಲು <. ಕಣ್ಣಿಗೆ ಅರ್ಥವಾಗುವ ಚಂದದ ಜೋಡಿ. ಮಲ್ಟಿಕ್ಸ್ ಬಿಟ್ಟುಬಂದ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸ್ ಕಟ್ಟಿದಾಗ ಈ ಕೆಲಸಕ್ಕೆ / ಬಂತು. > ಚಿಹ್ನೆ ಔಟ್‌ಪುಟ್ ಅನ್ನು ಫೈಲಿಗೆ ತಿರುಗಿಸುವ ಕೆಲಸಕ್ಕೆ ಹೋಯಿತು. ಯೂನಿಕ್ಸ್ ಹಾಕಿದ ನಿಯಮ ಬಹಳ ಚಿಕ್ಕದು. ಫೈಲ್ ಹೆಸರಿನಲ್ಲಿ ಸ್ಲ್ಯಾಶ್ ಮತ್ತು ಸೊನ್ನೆ ಬೈಟ್ ಇರಬಾರದು, ಉಳಿದದ್ದೆಲ್ಲ ಇರಬಹುದು. ಹಾಗಾಗಿ ಲಿನಕ್ಸ್‌ನಲ್ಲಿ ಇವತ್ತಿಗೂ ಬ್ಯಾಕ್‌ಸ್ಲ್ಯಾಶ್ ಇರುವ ಹೆಸರು ಕ್ರಮಬದ್ಧವಾದ ಹೆಸರೇ. ಕಣ್ಣುಮುಚ್ಚಿ ಬ್ಯಾಕ್‌ಸ್ಲ್ಯಾಶ್‌ಗಳನ್ನೆಲ್ಲ ಸ್ಲ್ಯಾಶ್ ಮಾಡುವ ಕೋಡ್ ಅಲ್ಲಿ ಒಂದು ಫೈಲನ್ನು ಇಲ್ಲದ ಫೋಲ್ಡರಿನೊಳಗೆ ಹುಡುಕಿಸುತ್ತದೆ.

ಬೇರೆಯವರು ಬೇರೆ ದಾರಿ ಹಿಡಿದರು. ವಿಎಂಎಸ್‌ನಲ್ಲಿ ಚೌಕ ಆವರಣ ಮತ್ತು ಚುಕ್ಕಿ, ಬ್ರಿಟನ್ನಿನ ರಿಸ್ಕ್ ಓಎಸ್‌ನಲ್ಲಿ ಬರೀ ಚುಕ್ಕಿ, ಹಳೆಯ ಮ್ಯಾಕಿಂಟಾಷ್‌ನಲ್ಲಿ ಕೋಲನ್. ಮ್ಯಾಕ್ 2001ರಲ್ಲಿ ಯೂನಿಕ್ಸ್ ತಳಹದಿಗೆ ಬಂದಾಗಲೂ ಆ ಕೋಲನ್ ಪೂರ್ತಿ ಮಾಯವಾಗಲಿಲ್ಲ. ಫೈಂಡರ್‌ನಲ್ಲಿ ಒಂದು ಫೈಲಿಗೆ 15/8 ಎಂದು ಹೆಸರಿಟ್ಟರೆ ಟರ್ಮಿನಲ್‌ನಲ್ಲಿ ಅದು 15:8 ಎಂದು ಕಾಣುತ್ತದೆ. ಎರಡು ಲೋಕಗಳ ನಡುವೆ ಸಿಸ್ಟಮ್ ತಾನೇ ನಿಂತು ಚಿಹ್ನೆ ಅದಲುಬದಲು ಮಾಡುತ್ತಿರುತ್ತದೆ.

ನಮ್ಮ ಪ್ರಶ್ನೆಗೆ ಮೂಲವಾದದ್ದು ಮಾತ್ರ ವಿಂಡೋಸ್‌ಗೂ ಮುಂಚಿನ, ಮೈಕ್ರೋಸಾಫ್ಟ್‌ನದೇ ಆದ ಡಾಸ್. ಗ್ಯಾರಿ ಕಿಲ್ಡಾಲ್ 1974ರಲ್ಲಿ ರೂಪಿಸಿದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಡ್ರೈವ್‌ಗಳಿಗೆ ಅಕ್ಷರಗಳಿದ್ದವು, ಫೋಲ್ಡರುಗಳ ಮರ ಇರಲಿಲ್ಲ. ಅದೇ ಮಾದರಿಯಲ್ಲಿ 1981ರಲ್ಲಿ ಬಂದ ಡಾಸ್‌ನ ಮೊದಲ ಆವೃತ್ತಿಯಲ್ಲೂ ಇರಲಿಲ್ಲ. ಬೇರ್ಪಡಿಸುವ ಚಿಹ್ನೆಯ ಅಗತ್ಯವೇ ಬೀಳದಿದ್ದ ಕಾರಣ / ಖಾಲಿ ಇತ್ತು. ಅದನ್ನು ಆಜ್ಞೆಗಳ ಆಯ್ಕೆಗಳಿಗೆ ಬಳಸಿಕೊಂಡರು. ಡಿಇಸಿ ಕಂಪನಿಯ ಯಂತ್ರಗಳಲ್ಲಿ ಮೊದಲೇ ರೂಢಿಯಲ್ಲಿದ್ದ ಪದ್ಧತಿ ಅದು. 1983ರಲ್ಲಿ ಹಾರ್ಡ್ ಡಿಸ್ಕ್ ಇದ್ದ ಐಬಿಎಂ ಪಿಸಿ ಎಕ್ಸ್‌ಟಿಯೊಂದಿಗೆ ಡಾಸ್ 2.0 ಬಂತು, ಅದರ ಜತೆ ಫೋಲ್ಡರುಗಳೂ ಬಂದವು. ಆಗಲೇ ಯೂನಿಕ್ಸ್‌ನದೇ ಒಂದು ರೂಪವಾದ ಝೆನಿಕ್ಸ್ ಮಾರುತ್ತಿದ್ದ ಮೈಕ್ರೋಸಾಫ್ಟ್‌ಗೆ / ಗೊತ್ತಿಲ್ಲದೆ ಇರಲಿಲ್ಲ. ಆದರೆ ಆಯ್ಕೆಯ ಚಿಹ್ನೆಯನ್ನು ಬದಲಿಸಿದರೆ ಜನ ಎರಡು ವರ್ಷದಿಂದ ಬಳಸುತ್ತಿದ್ದ ಆಜ್ಞೆಗಳೆಲ್ಲ ಕೆಡುತ್ತಿದ್ದವು. ಹಾಗಾಗಿ ಅದರ ಪ್ರತಿಬಿಂಬದಂತಿದ್ದ \ ಬಂತು. ಹೆಚ್ಚಿನವರು ಗಮನಿಸದ ಸಂಗತಿ ಒಂದಿದೆ: ಡಾಸ್‌ನ ಒಳಗಿನ ಸಿಸ್ಟಮ್ ಕರೆಗಳು ಎರಡೂ ಚಿಹ್ನೆಗಳನ್ನು ಒಪ್ಪುತ್ತಿದ್ದವು. ತಕರಾರು ಇದ್ದದ್ದು ಆಜ್ಞೆಗಳನ್ನು ಓದುವ ಹೊರಪದರಕ್ಕೆ. ಇಂದಿನ ವಿಂಡೋಸ್‌ನಲ್ಲೂ ಪ್ರೋಗ್ರಾಮ್ ಕೊಡುವ ಪಾಥ್‌ನಲ್ಲಿ / ಇದ್ದರೆ ಬಹುತೇಕ ಕಡೆ ನಡೆಯುತ್ತದೆ, \\?\ ಎಂದು ಶುರುವಾಗುವ ವಿಶೇಷ ಪಾಥ್‌ಗಳಂಥ ಕಡೆ ನಡೆಯುವುದಿಲ್ಲ. ಎಷ್ಟೋ ಪ್ರೋಗ್ರಾಮುಗಳಲ್ಲಿ ಈ ಬದಲಾವಣೆಯ ಸಾಲು ಬೇಕಾಗಿಯೇ ಇರಲಿಲ್ಲ.

ದುರದೃಷ್ಟವೆಂದರೆ ಆ ಹೊತ್ತಿಗೆ ಬ್ಯಾಕ್‌ಸ್ಲ್ಯಾಶ್‌ಗೆ ಬೇರೆ ಉದ್ಯೋಗ ಸಿಕ್ಕಿಬಿಟ್ಟಿತ್ತು. ಆಲ್ಗಾಲ್ ಭಾಷೆಯ ತರ್ಕಚಿಹ್ನೆಗಳನ್ನು /\ ಮತ್ತು \/ ಎಂದು ಎರಡು ಗೆರೆ ಕೂಡಿಸಿ ಬರೆಯಲೆಂದು ಬಾಬ್ ಬೀಮರ್ ಅದನ್ನು ಆಸ್ಕಿ ಪಟ್ಟಿಗೆ ಸೇರಿಸಿದ್ದರು. ಆಮೇಲೆ ಸಿ ಭಾಷೆ ಅದನ್ನು ಎಸ್ಕೇಪ್ ಚಿಹ್ನೆಯಾಗಿ, ಅಂದರೆ ಮುಂದಿನ ಅಕ್ಷರದ ಅರ್ಥ ಬದಲಿಸುವ ಗುರುತಾಗಿ, ತೆಗೆದುಕೊಂಡಿತು. ಸಿಗೆ ಮೂಲವಾದ ಬಿ ಭಾಷೆಯಲ್ಲಿ ಆ ಕೆಲಸ ನಕ್ಷತ್ರ ಚಿಹ್ನೆಯದಾಗಿತ್ತು. ಹಾಗೇ ಉಳಿದಿದ್ದರೆ ನಾಲ್ಕು ದಶಕಗಳ ತಲೆನೋವು ತಪ್ಪುತ್ತಿತ್ತು. ಸಿಯಲ್ಲೂ ಅದರ ವಂಶದ ಭಾಷೆಗಳಲ್ಲೂ ಬ್ಯಾಕ್‌ಸ್ಲ್ಯಾಶ್ ಮುಂದೆ ಎನ್ ಬಂದರೆ ಹೊಸ ಸಾಲು, ಟಿ ಬಂದರೆ ಟ್ಯಾಬ್. ವಿಂಡೋಸ್ ಪಾಥ್ ಒಂದನ್ನು ಉದ್ಧರಣ ಚಿಹ್ನೆಯೊಳಗೆ ಹಾಗೇ ಅಂಟಿಸಿದಾಗ 'ನ್ಯೂ' ಎಂಬ ಫೋಲ್ಡರು ಎರಡು ಸಾಲಾಗಿ ಒಡೆಯುವುದು ಇದಕ್ಕೇ. ಪೈಥಾನ್ 3ರಲ್ಲಿ 'ಯೂಸರ್ಸ್' ಫೋಲ್ಡರು ಪ್ರೋಗ್ರಾಮನ್ನು ಶುರುವಾಗಲೂ ಬಿಡುವುದಿಲ್ಲ, ಏಕೆಂದರೆ ಬ್ಯಾಕ್‌ಸ್ಲ್ಯಾಶ್ ಜತೆ ದೊಡ್ಡಕ್ಷರದ ಯು ಬಂದರೆ ಮುಂದೆ ಎಂಟು ಅಂಕಿಗಳ ಯೂನಿಕೋಡ್ ಸಂಖ್ಯೆ ಇರಬೇಕು ಎಂಬುದು ಆ ಭಾಷೆಯ ನಿಯಮ.

ಜಾವಾದಲ್ಲಿ ಈ ತೊಡಕು ಇಮ್ಮಡಿಯಾಯಿತು. ಅಲ್ಲಿಯ ರಿಪ್ಲೇಸ್‌ಆಲ್ ತನ್ನ ಮೊದಲ ಆರ್ಗ್ಯುಮೆಂಟನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಓದುತ್ತದೆ. ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲೂ ಬ್ಯಾಕ್‌ಸ್ಲ್ಯಾಶ್ ಎಸ್ಕೇಪ್ ಚಿಹ್ನೆಯೇ. ಒಂದನ್ನು ಹುಡುಕಲು ಅದಕ್ಕೆ ಎರಡು ಬೇಕು. ಆ ಎರಡನ್ನು ಸೋರ್ಸ್ ಕೋಡಿನಲ್ಲಿ ಬರೆಯಲು ನಾಲ್ಕು. ಹೊಸದಾಗಿ ಹಾಕುವ ಪಠ್ಯದಲ್ಲೂ ಬ್ಯಾಕ್‌ಸ್ಲ್ಯಾಶ್ ಮತ್ತು ಡಾಲರ್ ಚಿಹ್ನೆಗೆ ವಿಶೇಷ ಅರ್ಥವಿದೆ. ಹಾಗಾಗಿ ಸಿಸ್ಟಮ್‌ನ ಬೇರ್ಪಡಿಸುವ ಚಿಹ್ನೆಯನ್ನೇ ಅಲ್ಲಿ ಕೊಟ್ಟ ಕೋಡ್ ಲಿನಕ್ಸ್‌ನಲ್ಲಿ ಎಲ್ಲ ಪರೀಕ್ಷೆ ಪಾಸಾಗಿ ಗ್ರಾಹಕರ ವಿಂಡೋಸ್ ಯಂತ್ರದಲ್ಲಿ ಬೀಳುತ್ತದೆ. 2004ರ ಜಾವಾ 5 ಇದಕ್ಕೆ ಎರಡು ಮದ್ದು ತಂದಿತು: ಪಠ್ಯವನ್ನು ಪಠ್ಯವಾಗಿಯೇ ಕಾಣುವ ರಿಪ್ಲೇಸ್, ಮತ್ತು ವಿಶೇಷ ಅರ್ಥಗಳನ್ನು ತೆಗೆದುಹಾಕುವ ಕೋಟ್‌ರಿಪ್ಲೇಸ್‌ಮೆಂಟ್. ಜಾವಾಸ್ಕ್ರಿಪ್ಟ್‌ನಲ್ಲಿ ಇನ್ನೊಂದು ಬಗೆಯ ಬಲೆ. ಅಲ್ಲಿಯ ರಿಪ್ಲೇಸ್‌ಗೆ ಸಾದಾ ಸ್ಟ್ರಿಂಗ್ ಕೊಟ್ಟರೆ ಮೊದಲ ಚಿಹ್ನೆಯನ್ನಷ್ಟೇ ಬದಲಿಸಿ ಸುಮ್ಮನಾಗುತ್ತದೆ. ಎಲ್ಲವನ್ನೂ ಬದಲಿಸುವ ರಿಪ್ಲೇಸ್‌ಆಲ್ ಭಾಷೆಗೆ ಸೇರಿದ್ದು 2021ರಲ್ಲಿ.

ಇಂಗ್ಲಿಷಿನ ಆಚೆಗೆ ಬಂದರೆ ಇದೇ ತೊಡಕು ಫೈಲುಗಳನ್ನೇ ಹಾಳುಮಾಡುವ ಮಟ್ಟಕ್ಕೆ ಹೋಯಿತು. ಜಪಾನಿನ ಮಾನಕದಲ್ಲಿ ಬ್ಯಾಕ್‌ಸ್ಲ್ಯಾಶ್‌ನ ಸ್ಥಾನವಾದ 92ರಲ್ಲಿ ಯೆನ್ ಚಿಹ್ನೆ ಇತ್ತು. ಅಲ್ಲಿಯ ವಿಂಡೋಸ್‌ನಲ್ಲಿ ಫೋಲ್ಡರುಗಳ ನಡುವೆ ¥ ಕಾಣುತ್ತಿದ್ದದ್ದು ಅದಕ್ಕೇ. ತೋರಿಕೆಯ ವಿಚಾರ ಅಷ್ಟೇ ಆಗಿದ್ದರೆ ಅಡ್ಡಿಯಿರಲಿಲ್ಲ. ಶಿಫ್ಟ್ ಜಿಸ್ ಎನ್‌ಕೋಡಿಂಗ್‌ನಲ್ಲಿ ಜಪಾನಿನ ಹೆಚ್ಚಿನ ಅಕ್ಷರಗಳು ಎರಡು ಬೈಟ್‌ಗಳವು, ಕೆಲವು ಅಕ್ಷರಗಳ ಎರಡನೆಯ ಬೈಟ್ ಇದೇ 92. ಕತಕಾನದ 'ಸೋ' ಅಂಥದ್ದು. ಬೈಟ್‌ಗಳನ್ನು ಮಾತ್ರ ನೋಡುವ ಪ್ರೋಗ್ರಾಮು ಆ ಅಕ್ಷರದ ಅರ್ಧವನ್ನು ಬ್ಯಾಕ್‌ಸ್ಲ್ಯಾಶ್ ಎಂದು ತಿಳಿದು ಬದಲಿಸಿದರೆ ಹೆಸರೇ ಕೆಟ್ಟುಹೋಗುತ್ತದೆ.

ಕನ್ನಡಕ್ಕೆ ಆ ಪಾಡು ಬರದಂತೆ ನೋಡಿಕೊಂಡದ್ದು ಯುಟಿಎಫ್-8. ಅದರ ಹಿಂದಿನ ಪ್ರಸ್ತಾಪಕ್ಕಿದ್ದ ಹೆಸರಿನಲ್ಲೇ 'ಫೈಲ್ ಸಿಸ್ಟಮ್ ಸೇಫ್' ಎಂಬ ಮಾತಿತ್ತು. 1992ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟಕ್ಕೆ ಕೂತಾಗ ಕೆನ್ ಥಾಂಪ್ಸನ್ ಅದರ ವಿನ್ಯಾಸವನ್ನು ತಟ್ಟೆಯಡಿಯ ಕಾಗದದ ಮೇಲೆ ಬಿಡಿಸಿದರು, ಜತೆಗಿದ್ದವರು ರಾಬ್ ಪೈಕ್. ಹಲವು ಬೈಟ್‌ಗಳ ಅಕ್ಷರದೊಳಗೆ ಆಸ್ಕಿಯ ಒಂದು ಬೈಟೂ ಬರಕೂಡದು ಎಂಬುದು ಅದರ ಜೀವಾಳ. ಕನ್ನಡದ ಪ್ರತಿ ಯೂನಿಕೋಡ್ ಸಂಕೇತ ಯುಟಿಎಫ್-8ರಲ್ಲಿ ಮೂರು ಬೈಟ್‌ಗಳಾಗುತ್ತದೆ, ಮೂರೂ 128 ಅಥವಾ ಅದಕ್ಕಿಂತ ಮೇಲಿನವು. ಸ್ಲ್ಯಾಶ್ 47, ಬ್ಯಾಕ್‌ಸ್ಲ್ಯಾಶ್ 92. 'ಪತ್ರಗಳು' ಎಂಬ ಫೋಲ್ಡರಿನ ಹೆಸರನ್ನು ಯಾವ ಹಳೆಯ ಪ್ರೋಗ್ರಾಮೂ ನಡುವೆ ಕತ್ತರಿಸದೆ ಇರುವುದಕ್ಕೆ ಕಾರಣ ಈ ಲೆಕ್ಕ. ಇದಕ್ಕಿಂತ ಮಾನವೀಯವಾದ ಎಂಜಿನಿಯರಿಂಗ್ ನಿರ್ಧಾರ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಅದರಲ್ಲೂ ಒಂದು ಬಿರುಕಿತ್ತು. ಸ್ಲ್ಯಾಶನ್ನು ಬೇಕೆಂದೇ ಎರಡು ಬೈಟ್‌ಗಳಾಗಿ ಉದ್ದ ಮಾಡಿ ಬರೆಯಬಹುದಿತ್ತು. ಮೈಕ್ರೋಸಾಫ್ಟ್‌ನ ಐಐಎಸ್ ವೆಬ್ ಸರ್ವರ್ ಮೊದಲು, ಒಂದು ಹಂತ ಮೇಲಿನ ಫೋಲ್ಡರಿಗೆ ಒಯ್ಯುವ ../ ಇದೆಯೇ ಎಂದು ಪರೀಕ್ಷಿಸಿ ಆಮೇಲೆ ಡಿಕೋಡ್ ಮಾಡುತ್ತಿದ್ದ ಕಾರಣ 2000ದಲ್ಲಿ ಈ ದಾರಿಯಿಂದ ದಾಳಿಕೋರರು ಒಳನುಗ್ಗಿದರು. ಮರುವರ್ಷ ನಿಮ್ಡಾ ವರ್ಮ್ ಹರಡಲು ಬಳಸಿಕೊಂಡ ದಾರಿಗಳಲ್ಲಿ ಇದೂ ಒಂದು. 2003ರ ಮಾನಕ ಅಂಥ ಉದ್ದನೆಯ ರೂಪಗಳನ್ನು ಸ್ವೀಕರಿಸಲೇಬಾರದು ಎಂದಿತು. ಸ್ಟ್ರಿಂಗ್ ಬದಲಾವಣೆಯನ್ನೇ ಕಾವಲು ಎಂದು ನಂಬಿದವರಿಗೆ ಇನ್ನೂ ಸರಳವಾದ ಪೆಟ್ಟು ಕಾದಿತ್ತು. ../ ಎಲ್ಲಿದ್ದರೂ ಅಳಿಸಿಬಿಡು ಎಂದು ಬರೆದ ಕೋಡಿಗೆ ....// ಕೊಟ್ಟು ನೋಡಿ: ಅಳಿಸಿದ ಮೇಲೆ ಉಳಿಯುವುದು ಮತ್ತದೇ ../. ಕೆಟ್ಟದ್ದನ್ನು ಕೆತ್ತಿ ತೆಗೆಯುವ ಯಾವ ರಿಪ್ಲೇಸ್ ಸಾಲನ್ನೂ ಭದ್ರತೆಗೆ ನೆಚ್ಚಬಾರದು ಎನ್ನಲು ನನಗೆ ಇದೊಂದು ಉದಾಹರಣೆ ಸಾಕು.

ಇಷ್ಟೆಲ್ಲ ಆದಮೇಲೆ ಭಾಷೆಗಳು ಪಾಥ್‌ಗೆ ಸ್ವಂತ ಟೈಪ್ ಕೊಡತೊಡಗಿದವು. 2011ರ ಜಾವಾ 7ರಲ್ಲಿ ಪಾಥ್ ಇಂಟರ್‌ಫೇಸ್ ಬಂತು, 2014ರ ಪೈಥಾನ್ 3.4ರಲ್ಲಿ ಆಂಟ್ವಾನ್ ಪಿತ್ರು ಪ್ರಸ್ತಾಪಿಸಿದ ಪಾಥ್‌ಲಿಬ್. ಬೂಸ್ಟ್ ಲೈಬ್ರರಿಯಲ್ಲಿ ಪಳಗಿದ ವಿನ್ಯಾಸ ಸಿ++17ಕ್ಕೆ ಸೇರಿತು. ಇಲ್ಲಿ ಪಾಥ್ ಎಂದರೆ ಭಾಗಗಳ ಸಾಲು. ಕೊನೆಯ ಭಾಗ ಕೇಳಬಹುದು, ತಂದೆ ಫೋಲ್ಡರ್ ಕೇಳಬಹುದು. ಸ್ಲ್ಯಾಶ್ ರೂಪ ಬೇಕಾದರೆ ಪಾಥ್‌ಲಿಬ್‌ನಲ್ಲಿ ಅದಕ್ಕೊಂದು ಮೆಥಡ್ ಇದೆ, ಲಿನಕ್ಸ್‌ನಲ್ಲಿ ಕೂತೇ ವಿಂಡೋಸ್ ಪಾಥ್ ಬಿಡಿಸುವ ಕ್ಲಾಸ್ ಕೂಡ ಇದೆ. ಬದಲಾವಣೆ ಸಲೀಸಾಗಿ ಆಗಲಿಲ್ಲ. ಪೈಥಾನ್‌ನ ಓಪನ್ ಫಂಕ್ಷನ್ ಈ ಹೊಸ ಪಾಥ್‌ಗಳನ್ನು ನೇರವಾಗಿ ಒಪ್ಪಲು 2016ರ ತನಕ ಕಾಯಬೇಕಾಯಿತು.

ಹಳೆಯ ಊಹೆಗಳು ದೊಡ್ಡ ಸಾಫ್ಟ್‌ವೇರ್‌ಗಳಲ್ಲೂ ಅವಿತಿದ್ದವು. ಜಿಪ್ ಕಡತದೊಳಗಿನ ಹೆಸರುಗಳಲ್ಲಿ / ಮಾತ್ರ ಇರಬೇಕು ಎಂಬ ನಿಯಮವಿದ್ದರೂ ಡಾಟ್‌ನೆಟ್ ಫ್ರೇಮ್‌ವರ್ಕ್ 4.6.1 ಬರುವವರೆಗೆ ಫೋಲ್ಡರನ್ನು ಜಿಪ್ ಮಾಡುವಾಗ \ ಬರೆಯುತ್ತಿತ್ತು. ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್ ತನ್ನೊಳಗೆ / ಮಾತ್ರ ಇಟ್ಟುಕೊಳ್ಳುತ್ತದೆ. ಆದರೆ ಲಿನಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಇರುವ ಹೆಸರನ್ನು ಸೇರಿಸಿ ಕಳಿಸಿದರೆ ವಿಂಡೋಸ್‌ನಲ್ಲಿ ಅದು ಫೋಲ್ಡರಿನ ಗಡಿಯಾಗಿ ಬದಲಾಗುತ್ತಿತ್ತು. 2019ರ ಡಿಸೆಂಬರ್‌ನಲ್ಲಿ ಗಿಟ್ ಅಂಥ ಹೆಸರುಗಳನ್ನು ವಿಂಡೋಸ್‌ನಲ್ಲಿ ಬರೆಯಲು ನಿರಾಕರಿಸತೊಡಗಿತು.

ಗಿಟ್‌ನ ಮೂಲ ಪದ್ಧತಿಯೇ ನನಗೆ ಸರಿಯೆನಿಸುವುದು. ಪ್ರೋಗ್ರಾಮಿನ ಒಳಗೆಲ್ಲ ಒಂದೇ ರೂಪ ಇರಲಿ, ಪರಿವರ್ತನೆ ಗಡಿಯಲ್ಲಿ ಮಾತ್ರ ನಡೆಯಲಿ, ಅದನ್ನೂ ಲೈಬ್ರರಿಯೇ ಮಾಡಲಿ. ಟೈಪ್ ಬಂದ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ಪಾಥ್‌ಲಿಬ್‌ನಲ್ಲಿ ಎರಡು ಪಾಥ್ ಜೋಡಿಸುವಾಗ ಎರಡನೆಯದು / ಇಂದ ಶುರುವಾದರೆ ಮೊದಲನೆಯದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಹೊರಗಿನವರು ಕಳಿಸಿದ ಹೆಸರನ್ನು ಅಪ್‌ಲೋಡ್ ಫೋಲ್ಡರಿಗೆ ಹೀಗೆ ಜೋಡಿಸಿದರೆ ಪಾಸ್‌ವರ್ಡ್ ಫೈಲೇ ತೆರೆದುಕೊಳ್ಳಬಹುದು. ಬೇರೊಂದು ಜಾಗಕ್ಕೆ ಒಯ್ಯುವ ಸಿಂಬಾಲಿಕ್ ಲಿಂಕುಗಳಂತೂ ಪಾಥ್‌ನ ಪಠ್ಯವನ್ನು ಎಷ್ಟು ಪರೀಕ್ಷಿಸಿದರೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಕಾವಲು ಈಗ ಆಪರೇಟಿಂಗ್ ಸಿಸ್ಟಮ್‌ನೊಳಕ್ಕೇ ಸರಿಯುತ್ತಿದೆ. 2020ರಲ್ಲಿ ಲಿನಕ್ಸ್ 5.6ಕ್ಕೆ ಬಂದ ಓಪನ್‌ಎಟ್2 ಕರೆಗೆ ಒಂದು ಫೋಲ್ಡರನ್ನು ತೋರಿಸಿ, ಇದರಿಂದ ಆಚೆ ಹೋಗುವ ಯಾವುದನ್ನೂ ತೆರೆಯಬೇಡ ಎಂದು ಹೇಳಬಹುದು. ಥಾಂಪ್ಸನ್ ಮತ್ತು ಪೈಕ್ ಇಬ್ಬರೂ ರೂಪಿಸಿದವರಲ್ಲಿ ಸೇರಿರುವ ಗೋ ಭಾಷೆ 2025ರ ಫೆಬ್ರವರಿಯಲ್ಲಿ ತನ್ನ 1.24ನೇ ಆವೃತ್ತಿಯಲ್ಲಿ ಇದೇ ವಿಚಾರವನ್ನು ಓಎಸ್ ರೂಟ್ ಎಂಬ ಟೈಪ್ ಆಗಿ ಕೊಟ್ಟಿತು. ಅದಕ್ಕೆ ಕೊಟ್ಟ ಹೆಸರಿನಲ್ಲಿ .. ಇರಲಿ, ಹೊರಗೆ ಒಯ್ಯುವ ಲಿಂಕ್ ಇರಲಿ, ಆ ಫೋಲ್ಡರಿನ ಗಡಿ ದಾಟಿದ ಕ್ಷಣ ಎರರ್ ಬರುತ್ತದೆ.