ಅಪರಾಧ ದಾಖಲೆಯ ಅಳಿಸುವಿಕೆ

ಅಪರಾಧ ದಾಖಲೆಯ ಅಳಿಸುವಿಕೆ ಎಂಬುದು ವ್ಯಕ್ತಿಯೊಬ್ಬರ ಬಂಧನ, ಮೊಕದ್ದಮೆ ಅಥವಾ ಶಿಕ್ಷೆಗೆ ಸಂಬಂಧಿಸಿದ ಸರ್ಕಾರಿ ದಾಖಲೆಗಳನ್ನು ನಾಶಪಡಿಸುವ ಇಲ್ಲವೇ ಸಾರ್ವಜನಿಕ ವೀಕ್ಷಣೆಯಿಂದ ಹಿಂತೆಗೆಯುವ ಕಾನೂನು ಪ್ರಕ್ರಿಯೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದನ್ನು ಎಕ್ಸ್‌ಪಂಜ್‌ಮೆಂಟ್ ಎಂದು ಕರೆಯಲಾಗುತ್ತದೆ. ಶಿಕ್ಷೆ ಮುಗಿದ ಮೇಲೂ ಉದ್ಯೋಗ, ಬಾಡಿಗೆ ಮನೆ ಹಾಗೂ ವೃತ್ತಿ ಪರವಾನಗಿ ಪಡೆಯುವಲ್ಲಿ ಎದುರಾಗುವ ಅಡ್ಡಿಗಳನ್ನು ನಿವಾರಿಸುವುದು ಇದರ ಉದ್ದೇಶ. ಆದರೆ ಅಳಿಸುವಿಕೆಯ ಆದೇಶವು ಮುಖ್ಯವಾಗಿ ಸರ್ಕಾರದ ಕಡತಗಳಿಗೆ ಅನ್ವಯಿಸುತ್ತದೆ. ಅದಕ್ಕೂ ಮೊದಲೇ ಹೊರಗೆ ಹರಡಿದ ಪ್ರತಿಗಳು ಹಾಗೆಯೇ ಉಳಿಯಬಹುದು.

ಸ್ವರೂಪ

ಅಮೆರಿಕದಲ್ಲಿ ಈ ಕುರಿತ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿವೆ. ಕೆಲವು ರಾಜ್ಯಗಳಲ್ಲಿ ಕಡತವನ್ನು ನಾಶಪಡಿಸಲಾಗುತ್ತದೆ. ಇನ್ನು ಕೆಲವು ರಾಜ್ಯಗಳಲ್ಲಿ ಅದನ್ನು ಮೊಹರು ಮಾಡಿ, ನ್ಯಾಯಾಲಯ ಮತ್ತು ಪೊಲೀಸರ ಬಳಕೆಗೆ ಮಾತ್ರ ಉಳಿಸಿಕೊಳ್ಳಲಾಗುತ್ತದೆ. ಕ್ಷಮಾದಾನವು ಇದಕ್ಕಿಂತ ಬೇರೆ: ಅದು ಅಪರಾಧವನ್ನು ಮನ್ನಿಸುತ್ತದೆಯೇ ಹೊರತು ದಾಖಲೆಯನ್ನು ತಾನಾಗಿ ಅಳಿಸುವುದಿಲ್ಲ. ಒಕ್ಕೂಟ ಮಟ್ಟದ ಅಪರಾಧಗಳಿಗೆ ಅನ್ವಯಿಸುವ ಸಾಮಾನ್ಯ ಅಳಿಸುವಿಕೆ ಕಾನೂನು ಇಲ್ಲ.

ಅನೇಕ ರಾಜ್ಯಗಳಲ್ಲಿ, ದಾಖಲೆ ಅಳಿಸಿದ ನಂತರ ಖಾಸಗಿ ಉದ್ಯೋಗದಾತರು ಹಿಂದಿನ ಶಿಕ್ಷೆಯ ಬಗ್ಗೆ ಕೇಳಿದರೆ 'ಇಲ್ಲ' ಎಂದು ಉತ್ತರಿಸಲು ಕಾನೂನು ಅವಕಾಶ ನೀಡುತ್ತದೆ. ಪೊಲೀಸ್ ಹುದ್ದೆ, ವಕೀಲಿ ವೃತ್ತಿಯ ಪ್ರವೇಶ ಮುಂತಾದ ಸಂದರ್ಭಗಳಲ್ಲಿ ಮಾಹಿತಿ ನೀಡುವುದು ಕಡ್ಡಾಯವಾಗಿರಬಹುದು.

ಅರ್ಜಿ ಮತ್ತು ಸ್ವಯಂಚಾಲಿತ ವ್ಯವಸ್ಥೆ

ಸಾಂಪ್ರದಾಯಿಕ ಪದ್ಧತಿಯಲ್ಲಿ ವ್ಯಕ್ತಿಯೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕು. ಶುಲ್ಕ, ಬೆರಳಚ್ಚು, ವಿಚಾರಣೆ ಮುಂತಾದ ಹಂತಗಳ ಕಾರಣ ಹಲವರು ಅರ್ಹತೆಯಿದ್ದರೂ ಮುಂದಾಗುವುದಿಲ್ಲ. ಪೆನ್ಸಿಲ್ವೇನಿಯಾ 2018ರಲ್ಲಿ 'ಕ್ಲೀನ್ ಸ್ಲೇಟ್' ಕಾನೂನನ್ನು ಅಂಗೀಕರಿಸಿ, ಅರ್ಹ ದಾಖಲೆಗಳನ್ನು ಅರ್ಜಿಯಿಲ್ಲದೆ ಗಣಕಯಂತ್ರದ ಮೂಲಕ ಮೊಹರು ಮಾಡುವ ಮೊದಲ ರಾಜ್ಯವಾಯಿತು. ಮಿಷಿಗನ್ 2020ರಲ್ಲಿ ಇಂತಹ ಕಾನೂನು ರೂಪಿಸಿತು. ಅಲ್ಲಿನ ಸ್ವಯಂಚಾಲಿತ ವ್ಯವಸ್ಥೆ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು.

ಉದ್ಯೋಗ ಮತ್ತು ವರಮಾನ

ಕಾನೂನು ಪ್ರಾಧ್ಯಾಪಕರಾದ ಜೆ. ಜೆ. ಪ್ರೆಸ್ಕಾಟ್ ಮತ್ತು ಸೋಂಜಾ ಸ್ಟಾರ್ ಮಿಷಿಗನ್ ರಾಜ್ಯದ ದತ್ತಾಂಶವನ್ನು ಪರಿಶೀಲಿಸಿ 2020ರಲ್ಲಿ ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅದರ ಪ್ರಕಾರ ಅರ್ಹತೆ ದೊರೆತ 5 ವರ್ಷಗಳೊಳಗೆ ದಾಖಲೆ ಅಳಿಸಿಕೊಂಡವರು ಕೇವಲ ಶೇ. 6.5. ಹಾಗೆ ಅಳಿಸಿಕೊಂಡವರ ವೇತನವು, ಅವರ ಹಿಂದಿನ ಗತಿಗೆ ಹೋಲಿಸಿದರೆ, ಒಂದು ವರ್ಷದೊಳಗೆ ಸರಾಸರಿ ಶೇ. 22ಕ್ಕೂ ಹೆಚ್ಚು ಏರಿತ್ತು. ನಿರುದ್ಯೋಗಿಗಳಿಗೆ ಕೆಲಸ ಸಿಕ್ಕಿದ್ದು ಮತ್ತು ಅಲ್ಪಾವಧಿಯ ಕೆಲಸದಲ್ಲಿದ್ದವರಿಗೆ ಸ್ಥಿರ ಕೆಲಸ ದೊರೆತದ್ದು ಇದಕ್ಕೆ ಮುಖ್ಯ ಕಾರಣ. ಇವರಲ್ಲಿ ಮತ್ತೆ ಅಪರಾಧ ಎಸಗಿದವರ ಪ್ರಮಾಣವೂ ಬಹಳ ಕಡಿಮೆಯಿತ್ತು. ಆದರೆ ಇವರೆಲ್ಲ ತಾವಾಗಿ ಅರ್ಜಿ ಸಲ್ಲಿಸಿದವರಾದ್ದರಿಂದ ಈ ಫಲಿತಾಂಶವನ್ನು ಅರ್ಹರೆಲ್ಲರಿಗೂ ನೇರವಾಗಿ ಅನ್ವಯಿಸಲಾಗದು.

ಉಳಿದುಕೊಳ್ಳುವ ಪ್ರತಿಗಳು

ಹಿನ್ನೆಲೆ ಪರಿಶೀಲನೆ ನಡೆಸುವ ಖಾಸಗಿ ಸಂಸ್ಥೆಗಳು ನ್ಯಾಯಾಲಯದ ದಾಖಲೆಗಳನ್ನು ಸಗಟಾಗಿ ಸಂಗ್ರಹಿಸಿಡುತ್ತವೆ. ಸಂಗ್ರಹವನ್ನು ಪರಿಷ್ಕರಿಸದಿದ್ದರೆ ಅಳಿಸಿದ ಪ್ರಕರಣವು ವರದಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯ್ದೆಯಂತೆ, ವರದಿಯ ಆಧಾರದ ಮೇಲೆ ಉದ್ಯೋಗ ನಿರಾಕರಿಸುವ ಮೊದಲು ಅದರ ಪ್ರತಿಯನ್ನು ಅಭ್ಯರ್ಥಿಗೆ ನೀಡಬೇಕು. ಅಭ್ಯರ್ಥಿಯು ತಪ್ಪನ್ನು ಪ್ರಶ್ನಿಸಿದರೆ ಸಂಸ್ಥೆಯು ಸಾಮಾನ್ಯವಾಗಿ 30 ದಿನಗಳೊಳಗೆ ಮರುಪರಿಶೀಲಿಸಬೇಕು.

ಪತ್ರಿಕಾ ವರದಿಗಳಿಗೆ ಅಳಿಸುವಿಕೆ ಅನ್ವಯಿಸುವುದಿಲ್ಲ. ಬಂಧನದ ದಾಖಲೆಯನ್ನು ಕಾನೂನಿನಂತೆ ಅಳಿಸಿದ ಮಾತ್ರಕ್ಕೆ, ಬಂಧನ ನಡೆದಿತ್ತೆಂಬ ನಿಜವಾದ ಸುದ್ದಿಯು ಮಾನಹಾನಿಯಾಗುವುದಿಲ್ಲ ಎಂದು ಕನೆಕ್ಟಿಕಟ್‌ನ ಪ್ರಕರಣವೊಂದರಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿತು.

ವಲಸೆ

ವಲಸೆ ಕಾನೂನಿನಲ್ಲಿ ರಾಜ್ಯದ ನ್ಯಾಯಾಲಯವು ಅಳಿಸಿದ ಶಿಕ್ಷೆಯೂ ಸಾಮಾನ್ಯವಾಗಿ ಶಿಕ್ಷೆಯೆಂದೇ ಪರಿಗಣಿತವಾಗುತ್ತದೆ. ಆದ್ದರಿಂದ ಭಾರತೀಯರೂ ಸೇರಿದಂತೆ ಪೌರತ್ವಕ್ಕೆ ಅರ್ಜಿ ಸಲ್ಲಿಸುವ ವಿದೇಶೀಯರು ಅದನ್ನು ತಿಳಿಸಬೇಕಾಗುತ್ತದೆ. ಪ್ರಕರಣದ ಅಂತ್ಯವನ್ನು ರುಜುವಾತುಪಡಿಸುವ ಹೊಣೆಯೂ ಅರ್ಜಿದಾರರದೇ. ಹೀಗಾಗಿ ಕಡತ ನಾಶವಾಗುವ ಮೊದಲೇ ದೃಢೀಕೃತ ಪ್ರತಿಗಳನ್ನು ಪಡೆದಿಟ್ಟುಕೊಳ್ಳುವುದು ಅಗತ್ಯ.

ಭಾರತದಲ್ಲಿ

ಭಾರತದಲ್ಲಿ ವಯಸ್ಕರ ಶಿಕ್ಷೆಯ ದಾಖಲೆಯನ್ನು ಅಳಿಸುವ ಸಾಮಾನ್ಯ ಕಾನೂನಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 24ನೆಯ ಕಲಮು, ಕೆಲವು ಅಪವಾದಗಳೊಂದಿಗೆ, ಮಕ್ಕಳ ಮೇಲಿನ ಅನರ್ಹತೆಯನ್ನು ತೆಗೆದುಹಾಕಿ ದಾಖಲೆಗಳನ್ನು ನಾಶಪಡಿಸಲು ಅವಕಾಶ ಕಲ್ಪಿಸುತ್ತದೆ. ನೇಮಕಾತಿಯ ವೇಳೆ ಹಿಂದಿನ ಪ್ರಕರಣವನ್ನು ಮುಚ್ಚಿಟ್ಟವರ ವಿಷಯದಲ್ಲಿ ಅಪರಾಧದ ಸ್ವರೂಪವನ್ನೂ ಹುದ್ದೆಯನ್ನೂ ಗಮನಿಸಿ ನಿರ್ಧರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿತು.

ಅಂತರಜಾಲದಲ್ಲಿ ಉಳಿಯುವ ಹೆಸರಿನ ಪ್ರಶ್ನೆಯು 2017ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಮಹಿಳೆಯೊಬ್ಬರ ಹೆಸರು ಅಂತರಜಾಲದ ಹುಡುಕಾಟದಲ್ಲಿ ಕಾಣಿಸದಂತೆ ಆದೇಶದ ಶೀರ್ಷಿಕೆಯಲ್ಲಿ ಅದನ್ನು ಮರೆಮಾಡಲು ನ್ಯಾಯಾಲಯವು ತನ್ನ ಕಚೇರಿಗೆ ಸೂಚಿಸಿತು. ಆದರೆ ಆದೇಶದ ದೃಢೀಕೃತ ಪ್ರತಿಯಲ್ಲಿ ಆ ಹೆಸರು ಉಳಿಯುವುದೆಂದು ಸ್ಪಷ್ಟಪಡಿಸಿತು.