ಬಿರುಕನ್ನು ಓದುವವರು ಯಾರು? ಸ್ವಯಂಸಂವೇದಿ ಸಿಮೆಂಟಿನ ಇತಿಹಾಸ, ಕೊಯ್ನಾ ಕಡೆಯಿಂದ

ನಾನು ಜತ್ತ ತಾಲೂಕಿನ ಬೆಳುಂಕಿಯವ. ಇಂದು ಮಾತಾಡಲಿಕ್ಕೆ ಹೊರಟಿರುವುದು ಕಾರ್ಬನ್ ಎಳೆ ಬೆರೆಸಿದ, ತನ್ನ ಮೇಲೆ ಬಿದ್ದ ಒತ್ತಡವನ್ನು ತಾನೇ ತಿಳಿಸುವ ಸಿಮೆಂಟಿನ ಬಗ್ಗೆ. ಇದನ್ನು ‘ಸ್ವಯಂಸಂವೇದಿ ಸಿಮೆಂಟು’ ಎನ್ನೋಣ. ನನ್ನ ವಾದ ಇಷ್ಟೇ: ಈ ವಸ್ತುವಿನ ಚರಿತ್ರೆಯನ್ನು ಬಿರುಕು ಓದುವ ಪದ್ಧತಿಯ ಚರಿತ್ರೆಯೊಳಗೆ ಇಟ್ಟು ನೋಡಬೇಕು.

ನಮ್ಮ ಕಡೆ ಗೋಡೆ ಸೀಳಿದರೆ ಗವಂಡಿ ಮೊದಲು ಕಣ್ಣಿಂದ ನೋಡ್ತಾನ. ಎಂಜಿನಿಯರರು ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಕೂಡಿಸುತ್ತಾರೆ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಅಂತ ಅರ್ಥ. ಉಪಾಯ ಅಗ್ಗದ್ದು, ಆದರೆ ಬಿರುಕು ಕಂಡ ಮೇಲಷ್ಟೇ ಉಪಯೋಗಕ್ಕೆ ಬರುತ್ತದೆ, ಹೋಗಿ ನೋಡುವ ಮನುಷ್ಯನೂ ಬೇಕು.

ದೊಡ್ಡ ಕಟ್ಟಡದಲ್ಲಿ ಈ ಪ್ರಶ್ನೆ ಎಷ್ಟು ಗಂಭೀರ ಎಂಬುದಕ್ಕೆ ಕೊಯ್ನಾ ಸಾಕ್ಷಿ. ಆ ನದಿ ಕರಾಡದಲ್ಲಿ ಕೃಷ್ಣೆಗೆ ಕೂಡಿ ನಮ್ಮ ಸಾಂಗ್ಲಿ ಜಿಲ್ಲೆಗೆ ಬರುತ್ತದೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಭೂಕಂಪವಾದಾಗ 103 ಮೀಟರ್ ಎತ್ತರದ ಆ ಅಣೆಕಟ್ಟಿನೊಳಗೆ ಕಂಪನಮಾಪಕ ಇತ್ತು. ನೆಲ ಎಷ್ಟು ಅಲುಗಿತು ಎಂಬುದನ್ನು ಅದು ಬರೆದಿಟ್ಟಿತು. ಆದರೆ ಬಿರುಕು ಬಿದ್ದದ್ದು ಮೇಲೆ, ಗೋಡೆಯ ಇಳಿಜಾರು ಥಟ್ಟನೆ ಬದಲಾಗುವ ಎತ್ತರದಲ್ಲಿ. ಅದನ್ನು ಜನ ಹೋಗಿ ಹುಡುಕಬೇಕಾಯಿತು. ಮಾಪಕ ತಾನಿದ್ದ ಜಾಗದ ಮಾತನ್ನಷ್ಟೇ ಹೇಳಬಲ್ಲದು.

ಇನ್ನು ವಸ್ತುವಿನ ಕಡೆ ಬರೋಣ. ಲೋಹದ ತಂತಿಯನ್ನು ಎಳೆದರೆ ಅದರ ವಿದ್ಯುತ್ ರೋಧ ಬದಲಾಗುತ್ತದೆ ಎಂದು 1856ರಲ್ಲಿ ಕೆಲ್ವಿನ್ ತೋರಿಸಿದ್ದ. 1938ರಲ್ಲಿ ಸಿಮನ್ಸ್ ಮತ್ತು ರೂಜ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಅದೇ ತತ್ವದ ಮೇಲೆ ಅಂಟಿಸುವ ಸ್ಟ್ರೇನ್ ಗೇಜ್ ಮಾಡಿದರು. ಕಾರ್ಬನ್ ಎಳೆಯ ದಾರಿ ಬೇರೆ. 1879ರಲ್ಲಿ ಎಡಿಸನ್ ಅದನ್ನು ದೀಪದೊಳಗೆ ವಿದ್ಯುತ್ ಹರಿಸಲು ಬಳಸಿದ. 1958ರಲ್ಲಿ ರೋಜರ್ ಬೇಕನ್ ಪ್ರಯೋಗದ ನಂತರ ಅದರ ಬಲಕ್ಕೆ ಬೆಲೆ ಬಂತು. ವಿದ್ಯುತ್ ಹರಿಸುವ ಗುಣ ಹಿಂದೆ ಸರಿಯಿತು. ಈ ಎರಡೂ ಗುಣಗಳನ್ನು ಕಾಂಕ್ರೀಟಿನಲ್ಲಿ ಒಟ್ಟಿಗೆ ದುಡಿಸಿದ್ದು ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಚೆನ್ ಮತ್ತು ಡೆಬೊರಾ ಚುಂಗ್, 1993ರ ತಮ್ಮ ಪ್ರಬಂಧದಲ್ಲಿ.

ಕೆಲಸ ಹೆಂಗ ನಡೀತದ? ಸುಮಾರು 5 ಮಿಲಿಮೀಟರ್ ಉದ್ದದ ಎಳೆಗಳನ್ನು ಸಿಮೆಂಟಿನಲ್ಲಿ ಚೆದುರಿಸುತ್ತಾರೆ. ಒಟ್ಟು ಗಾತ್ರದಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಇದ್ದರೂ ಸಾಕು. ಎಳೆತಕ್ಕೆ ಕೂದಲಿಗಿಂತ ಸಣ್ಣ ಸೀಳು ತೆರೆದಾಗ, ಅದಕ್ಕೆ ಸೇತುವೆಯಾಗಿ ನಿಂತ ಎಳೆ ತುಸು ಹೊರಜಾರುತ್ತದೆ; ರೋಧ ಏರುತ್ತದೆ. ಒತ್ತಿದರೆ ಸೀಳು ಮುಚ್ಚಿ ರೋಧ ಇಳಿಯುತ್ತದೆ. ಅಂದರೆ ಮಾಪಕವನ್ನು ಬೇರೆಯಾಗಿ ಕೂಡಿಸುವ ಅಗತ್ಯವಿಲ್ಲ, ಎಳೆ ಇರುವ ಕಡೆಯೆಲ್ಲ ಗೋಡೆಯೇ ಮಾಪಕ. ಕೊಯ್ನಾ ಎತ್ತಿದ ಪ್ರಶ್ನೆಗೆ ಇದು ತಾತ್ವಿಕ ಉತ್ತರ.

ಅದೇ 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಸಾವಿರಾರು ಜನ ಸತ್ತರು. ಬಿದ್ದ ಮನೆಗಳಲ್ಲಿ ಹೆಚ್ಚಿನವು ಕಲ್ಲು-ಮಣ್ಣಿನ ದಪ್ಪ ಗೋಡೆಯವು. ಅವುಗಳಲ್ಲಿ ಸಿಮೆಂಟೇ ಇರಲಿಲ್ಲ, ಎಳೆ ಎಲ್ಲಿಂದ ಬರಬೇಕು? ಈ ಎರಡು ಘಟನೆಗಳಿಗೆ ಕಾರಣ-ಪರಿಣಾಮದ ಸಂಬಂಧವಿಲ್ಲ. ಆದರೂ ಚರಿತ್ರೆಕಾರ ಇವನ್ನು ಒಂದೇ ಪುಟದಲ್ಲಿ ಬರೆಯಬೇಕು ಅಂತ ನನ್ನ ಅಭಿಪ್ರಾಯ. ತಂತ್ರಜ್ಞಾನದ ಚರಿತ್ರೆ ಪ್ರಯೋಗಾಲಯದ ದಿನಾಂಕಗಳಿಗೆ ನಿಂತುಬಿಟ್ಟರೆ, ಅದು ಯಾರ ಗೋಡೆಯನ್ನು ತಲುಪಲಿಲ್ಲ ಎಂಬುದು ದಾಖಲಾಗುವುದೇ ಇಲ್ಲ.

ಮಿತಿಗಳನ್ನೂ ಹೇಳಬೇಕು. ತೇವ, ಉಷ್ಣತೆ ಬದಲಾದರೆ ರೋಧವೂ ಬದಲಾಗುತ್ತದೆ. ಎಳೆಗಳು ಗಂಟುಗಟ್ಟಿದರೆ ಲೆಕ್ಕ ತಪ್ಪುತ್ತದೆ. ಮಳೆ ನೆಂದ ಗೋಡೆ ಯಾವುದು, ಸೀಳಿದ ಗೋಡೆ ಯಾವುದು ಅಂತ ಬಿಡಿಸಿ ಹೇಳಲು ತಿಳಿದವರು ಬೇಕು. ಅಲ್ಲಿಗೆ ನಾವು ಮತ್ತೆ ಗಾಜಿನ ಪಟ್ಟಿಯ ಹತ್ತಿರ ಬಂದಂತಾಯಿತು: ಅದನ್ನೂ ಯಾರಾದರೂ ನೋಡಲೇಬೇಕಿತ್ತು, ಇದನ್ನೂ ನೋಡಲೇಬೇಕು.

ನಮ್ಮಂಥ ಗಡಿ ಊರಿನ ನೀರಿನ ಟಾಕಿಗೆ, ಶಾಲೆಯ ಛಾವಣಿಗೆ ನಾಳೆ ಈ ಸಿಮೆಂಟು ಬಂದರೂ ಬರಬಹುದು. ಬಂದ ದಿನ ಅದರ ಅಂಕಿಯನ್ನು ಯಾವ ವಹಿಯಲ್ಲಿ ಬರೆಯಬೇಕು, ಅಂಕಿ ಏರಿದರೆ ಯಾರಿಗೆ ತಿಳಿಸಬೇಕು ಎಂಬುದೂ ಗೊತ್ತುಮಾಡಿರಬೇಕು. ಇಲ್ಲಿಗೆ ನನ್ನ ಮಾತು ಮುಗಿಸ್ತೀನ್ರಿ. ಪ್ರಶ್ನೆ ಇದ್ದರೆ ಕೇಳಬೇಕು.